ಥ್ರೆಡ್ಡಿಂಗ್ ಮಾಡೆಲ್ ಆರಿಸೋದು ಹೆಂಗೆ? ಮಂಡ್ಯದ ಪಂಪ್‌ಸೆಟ್ ಸರ್ವರ್ ಇಟ್ಕೊಂಡು ಒಂದು ಲೆಕ್ಕ

ಥ್ರೆಡ್ ಅಂದ್ರೆ ಒಂದು ಪ್ರೋಗ್ರಾಮ್ ಒಳಗೆ ಜೊತೆಜೊತೆಗೆ ನಡೆಯೋ ಒಂದೊಂದು ಕೆಲಸದ ಎಳೆ. ವಿಟಿಯು ಇಂಜಿನಿಯರಿಂಗಿನ ಓಎಸ್ (ಆಪರೇಟಿಂಗ್ ಸಿಸ್ಟಂ) ಸಿಲಬಸ್ಸಲ್ಲಿ ಮಲ್ಟಿಥ್ರೆಡ್ಡಿಂಗ್ ಮಾಡೆಲ್ಸ್ ಅಂತ ಒಂದು ಟಾಪಿಕ್ ಇದೆ, ಓದ್ದೋರಿಗೆಲ್ಲ ನೆನಪಿರುತ್ತೆ. ಮೆನಿ ಟು ಒನ್ (ಎನ್:1, ಪ್ರೋಗ್ರಾಮಿನ ಎಲ್ಲಾ ಥ್ರೆಡ್ಡಿಗೂ ಓಎಸ್‌ನ ತಿರುಳಾದ ಕರ್ನಲ್ಲಲ್ಲಿ ಒಂದೇ ಥ್ರೆಡ್ಡು), ಒನ್ ಟು ಒನ್ (1:1, ಒಂದಕ್ಕೊಂದು), ಮೆನಿ ಟು ಮೆನಿ (ಎಂ:ಎನ್, ತುಂಬಾ ಥ್ರೆಡ್ಡಿಗೆ ಕೆಲವೇ ಕರ್ನಲ್ ಥ್ರೆಡ್ಡು), ಮೇಲೆ ಸೊಟ್ಟಪಟ್ಟ ಗೆರೆ ಕೆಳಗೆ ಕೆ ಅಂತ ಬರ್ದಿರೋ ರೌಂಡು, ಮೂರು ಚಿತ್ರ ಹಾಕಿ ಪಕ್ಕದಲ್ಲಿ ಲಾಭ ನಷ್ಟ ಬರೆದ್ರೆ ಮಾರ್ಕ್ಸ್ ಬಂತು. ಅದನ್ನ ಓದ್ಕೊಂಡು ಕೆಲಸಕ್ಕೆ ಸೇರಿದೋರ ತಲೇಲಿ ಮೆನಿ ಟು ಮೆನಿನೇ ಬೆಸ್ಟು, ಎರಡರ ಒಳ್ಳೇದೂ ಅದ್ರಲ್ಲಿದೆ ಅನ್ನೋದು ಕೂತ್ಬಿಟ್ಟಿರುತ್ತೆ. ನಿಜವಾದ ಮೆಷಿನ್ ಮೇಲೆ ಕತೆ ಬೇರೆ. ಲಿನಕ್ಸ್ ಆಗ್ಲಿ ವಿಂಡೋಸ್ ಆಗ್ಲಿ ಮ್ಯಾಕ್ ಆಗ್ಲಿ, ಕರ್ನಲ್ ಮಟ್ಟದಲ್ಲಿ ಆಯ್ಕೆ ಎಷ್ಟೋ ವರ್ಷದ ಹಿಂದೇನೇ ಮುಗ್ದೋಗಿದೆ, ಅಲ್ಲಿರೋದು 1:1. ನಮಗೆ ಉಳಿದಿರೋದು ಅದರ ಮೇಲೆ ಏನು ಕೂರಿಸ್ಬೇಕು ಅನ್ನೋದಷ್ಟೇ, ಅದಕ್ಕೆ ಮೊದ್ಲು ಕೇಳ್ಕೋಬೇಕಾಗಿರೋ ಪ್ರಶ್ನೆ ನಮ್ಮ ಥ್ರೆಡ್ಡುಗಳು ಏನಕ್ಕೆ ಕಾಯ್ಕೊಂಡು ಕೂತಿರ್ತವೆ ಅಂತ.

ಉದಾಹರಣೆಗೆ ಮೂರು ಕೆಲಸ ಇಟ್ಕೊತೀನಿ, ಮೂರೂ ನಮ್ಮ ಕಡೆಯವೇ. ಒಂದು, ಮಂಡ್ಯ ಕಡೆ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸ್ಕೊಂಡಿರ್ತಾರಲ್ಲ, ಆ ಡಬ್ಬಗಳೆಲ್ಲ ಸಿಮ್ ಡೇಟಾದಲ್ಲಿ ಬಂದು ಕನೆಕ್ಟ್ ಆಗೋ ಸರ್ವರ್ರು. ಎರಡು, ದಸರಾದಲ್ಲಿ ಒಬ್ಬ ಫೋಟೋಗ್ರಾಫರ್ ತೆಗೆದ ಸಾವಿರಾರು ರಾ ಫೋಟೋನ ಜೆಪೆಗ್ ಮಾಡಿ ಸೈಜ್ ಇಳಿಸೋ ಪ್ರೋಗ್ರಾಮು. ಮೂರು, ಮೈಸೂರಿನ ಸಯ್ಯಾಜಿರಾವ್ ರೋಡಲ್ಲಿ ಒಂದು ಬಟ್ಟೆ ಅಂಗಡಿ, ಎರಡು ಬ್ರಾಂಚು, ಅದಕ್ಕೊಂದು ಬಿಲ್ಲಿಂಗ್ ಸರ್ವರ್ರು, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸು. ಈ ಕೆಲಸಗಳ ನಂಬರೆಲ್ಲ ಲೆಕ್ಕಕ್ಕೆ ಅಂತ ನಾನೇ ಹಾಕ್ಕೊಂಡಿರೋದು, ನಿಮ್ಮ ನಂಬರ್ ಹಾಕಿ ಇದೇ ಲೆಕ್ಕ ಮಾಡ್ಕೊಳಿ.

ಹಂತ 1: ನಿಮ್ಮ ಮೆಷಿನ್ನಲ್ಲಿ ಈಗ ಏನಿದೆ ನೋಡಿ

ಲಿನಕ್ಸ್ ಇದ್ರೆ ಟರ್ಮಿನಲ್ಲಲ್ಲಿ ಗೆಟ್‌ಕಾನ್ಫ್ ಕಮಾಂಡಿಗೆ ಜಿಎನ್‌ಯು ಲಿಬ್‌ಪಿಥ್ರೆಡ್ ವರ್ಷನ್ ಅಂತ, ಎಲ್ಲಾ ಕ್ಯಾಪಿಟಲ್ಲಲ್ಲಿ, ಮಧ್ಯೆ ಅಂಡರ್‌ಸ್ಕೋರ್ ಹಾಕಿ ಕೊಡಿ. ಎನ್‌ಪಿಟಿಎಲ್ ಅಂತ ಬಂದು ಪಕ್ಕದಲ್ಲಿ ಜಿಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) ವರ್ಷನ್ ಬರುತ್ತೆ. ಎನ್‌ಪಿಟಿಎಲ್ ಅಂದ್ರೆ ಲಿನಕ್ಸಿನ ಈಗಿನ ಥ್ರೆಡ್ ಲೈಬ್ರರಿ, ಅದು 1:1, ನೀವು ಮಾಡೋ ಒಂದೊಂದು ಪಿಥ್ರೆಡ್ಡಿಗೂ ಕರ್ನಲ್ಲಲ್ಲಿ ಒಂದೊಂದು ಟಾಸ್ಕು. ಅನುಮಾನ ಇದ್ರೆ ಥ್ರೆಡ್ಡುಗಳಿರೋ ಒಂದು ಪ್ರೋಗ್ರಾಮ್ ಓಡಿಸಿ, ಪ್ರೊಕ್ ಫೋಲ್ಡರ್ ಒಳಗೆ ಅದರ ಪಿಐಡಿ (ಓಡ್ತಿರೋ ಪ್ರೋಗ್ರಾಮಿನ ನಂಬರ್), ಅದರ ಒಳಗೆ ಟಾಸ್ಕ್ ಅನ್ನೋ ಫೋಲ್ಡರ್ ತೆಗೆದು ನೋಡಿ, ಎಷ್ಟು ಥ್ರೆಡ್ ಮಾಡಿದ್ರೋ ಅಷ್ಟು ಫೋಲ್ಡರ್ ಇರ್ತವೆ, ಮೇನ್ ಥ್ರೆಡ್ದೂ ಸೇರಿ. ಪೋಸಿಕ್ಸ್ ಅನ್ನೋ ಯುನಿಕ್ಸ್ ಸ್ಟ್ಯಾಂಡರ್ಡಲ್ಲಿ ಪ್ರೊಸೆಸ್ ಸ್ಕೋಪ್ (ಥ್ರೆಡ್ಡುಗಳು ಸಿಪಿಯುಗೆ ಪ್ರೋಗ್ರಾಮ್ ಒಳಗೇ ಪೈಪೋಟಿ, ಅಂದ್ರೆ ಎನ್:1 ಇಲ್ಲಾ ಎಂ:ಎನ್), ಸಿಸ್ಟಂ ಸ್ಕೋಪ್ (ಇಡೀ ಸಿಸ್ಟಂ ಜೊತೆ ಪೈಪೋಟಿ, ಅಂದ್ರೆ 1:1) ಅಂತ ಎರಡು ಆಯ್ಕೆ ಕೊಟ್ಟಿದ್ದಾರೆ, ಲಿನಕ್ಸಲ್ಲಿ ಪ್ರೊಸೆಸ್ ಸ್ಕೋಪ್ ಕೇಳಿದ್ರೆ ಸಪೋರ್ಟ್ ಇಲ್ಲ ಅಂತ ಎರರ್ ಕೊಟ್ಟು ಕಳಿಸುತ್ತೆ. ಅಲ್ಲಿಗೆ ಟೆಕ್ಸ್ಟ್‌ಬುಕ್ಕಿನ ಮೂರು ಚಿತ್ರದಲ್ಲಿ ಎರಡು ಔಟ್.

ಹಿಂಗೆ ಯಾಕಾಯ್ತು ಅಂತ ತಿಳ್ಕೊಂಡ್ರೆ ಮುಂದಿನ ಆಯ್ಕೆ ಸುಲಭ ಆಗುತ್ತೆ, ಅದಕ್ಕೇ ಸ್ವಲ್ಪ ಹಳೇ ಕತೆ. ಲಿನಕ್ಸಲ್ಲಿ ಮೊದಲಿದ್ದಿದ್ದು ಲಿನಕ್ಸ್‌ಥ್ರೆಡ್ಸ್, ಅದೂ 1:1ನೇ, ಆದ್ರೆ ಥ್ರೆಡ್ಡಿಗೊಂದೊಂದು ಬೇರೆ ಪಿಐಡಿ, ಮಧ್ಯೆ ಒಂದು ಮ್ಯಾನೇಜರ್ ಥ್ರೆಡ್ಡು, ಸಿಗ್ನಲ್ ವಿಷಯದಲ್ಲಂತೂ ಪೂರ್ತಿ ಎಡವಟ್ಟು. ಅದನ್ನ ತೆಗೆದು ಬೇರೆ ತರೋಣ ಅಂತ 2002ರ ಸುಮಾರಿಗೆ ಎರಡು ಗುಂಪು ಹೊರಟ್ವು. ಐಬಿಎಂ ಕಡೆಯವರದ್ದು ಎನ್‌ಜಿಪಿಟಿ, ಅದು ಎಂ:ಎನ್. ರೆಡ್ ಹ್ಯಾಟಿನ ಉಲ್ರಿಚ್ ಡ್ರೆಪ್ಪರ್ ಮತ್ತೆ ಇಂಗೋ ಮೋಲ್ನಾರ್ ಇಬ್ರದ್ದು ಎನ್‌ಪಿಟಿಎಲ್. ಇವರು ಎಂ:ಎನ್ ತಂಟೆಗೇ ಹೋಗದೆ ಕರ್ನಲ್ಲನ್ನೇ ಚುರುಕು ಮಾಡಿದ್ರು, ಫ್ಯೂಟೆಕ್ಸ್ ಅನ್ನೋ ವೇಗದ ಲಾಕ್ ವಿಧಾನ ಬಂತು, ಷೆಡ್ಯೂಲರ್ (ಯಾವ ಥ್ರೆಡ್ಡಿಗೆ ಯಾವಾಗ ಸಿಪಿಯು ಅಂತ ಹಂಚೋದು) ಬದಲಾಯ್ತು, ಹಳೇ ಕರ್ನಲ್ಲಲ್ಲಿ ಹದಿನೈದು ನಿಮಿಷ ತಗೊಳ್ತಿದ್ದ 1 ಲಕ್ಷ ಥ್ರೆಡ್ ಶುರು ಮಾಡೋ ಟೆಸ್ಟು 2 ಸೆಕೆಂಡಿಗೆ ಇಳೀತು. ಥ್ರೆಡ್ಡೇ ಅಷ್ಟು ಅಗ್ಗ ಆದ್ಮೇಲೆ ಎಂ:ಎನ್ ಯಾರಿಗೆ ಬೇಕು? 2003ರ ಡಿಸೆಂಬರಲ್ಲಿ 2.6 ಕರ್ನಲ್ ಬಂದಾಗ ಎನ್‌ಪಿಟಿಎಲ್ಲಿಗೆ ಬೇಕಾದ್ದೆಲ್ಲ ಅದರೊಳಗೇ ಇತ್ತು. ಯುನಿಕ್ಸ್ ಜಾತಿಯ ಬೇರೆ ಓಎಸ್‌ಗಳ ಕತೆನೂ ಇದೇ: ಸೋಲಾರಿಸ್ ವರ್ಷಗಟ್ಟಲೆ ಎಂ:ಎನ್ ಇಟ್ಕೊಂಡಿದ್ದು 2002ರ ಸೋಲಾರಿಸ್ 9ರಲ್ಲಿ 1:1ಕ್ಕೆ ಬಂತು, ಫ್ರೀಬಿಎಸ್‌ಡಿ ಕೆಎಸ್‌ಇ ಅಂತ ಎಂ:ಎನ್ ಕಟ್ಟಿ 2008ರ 7.0ನಲ್ಲಿ ಅದನ್ನ ಪಕ್ಕಕ್ಕಿಟ್ಟು 1:1ನ ಡೀಫಾಲ್ಟ್ ಮಾಡ್ತು, ನೆಟ್‌ಬಿಎಸ್‌ಡಿ 2009ರ 5.0ನಲ್ಲಿ ಅದನ್ನೇ ಮಾಡ್ತು. ಹೋದೋರೆಲ್ಲ ವಾಪಸ್ ಬಂದ್ರು ಅಂತಾಯ್ತು.

ಎಂ:ಎನ್‌ನಲ್ಲಿ ತೊಂದರೆ ಏನಂದ್ರೆ ಒಂದೇ ನಾಲೆಗೆ ಇಬ್ಬರು ನೀರುಗಂಟಿಗಳು, ಒಬ್ಬ ತೂಬು ಎತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಮೇಲೆ ಯೂಸರ್ ಷೆಡ್ಯೂಲರ್ರು, ಕೆಳಗೆ ಕರ್ನಲ್ ಷೆಡ್ಯೂಲರ್ರು. ಮೇಲಿನೋನು ಒಂದು ಥ್ರೆಡ್ಡಿಗೆ ಲಾಕ್ ಕೊಟ್ಟು ಓಡಿಸ್ತಿರ್ತಾನೆ, ಕೆಳಗಿನೋನು ಅದೇ ಟೈಮಲ್ಲಿ ಅದನ್ನ ಎಬ್ಬಿಸಿ ಪಕ್ಕಕ್ಕೆ ಕೂರಿಸ್ತಾನೆ, ಉಳಿದೋರೆಲ್ಲ ಆ ಲಾಕಿಗೆ ಬಾಯಿ ಬಿಡ್ಕೊಂಡು ಕಾಯ್ತಿರ್ತಾರೆ. ಇಲ್ಲಾಂದ್ರೆ ಒಂದು ಯೂಸರ್ ಥ್ರೆಡ್ ರೀಡ್ ಅಂತ ಸಿಸ್ಟಂ ಕಾಲ್ ಕೊಟ್ಟು ಕರ್ನಲ್ಲಲ್ಲಿ ಮಲಗುತ್ತೆ, ಅದರ ಕೆಳಗಿದ್ದ ಕರ್ನಲ್ ಥ್ರೆಡ್ಡೂ ಜೊತೇಲೇ ಮಲಗ್ತು, ಮೇಲಿನೋನಿಗೆ ಸುದ್ದಿನೇ ಇಲ್ಲ. ಈ ಸುದ್ದಿ ಮುಟ್ಸೋಕೆ ಅಂತಲೇ ವಾಷಿಂಗ್ಟನ್ ಯೂನಿವರ್ಸಿಟಿಯ ಆಂಡರ್ಸನ್ ಮತ್ತೆ ಸಂಗಡಿಗರು 1991ರಲ್ಲಿ ಷೆಡ್ಯೂಲರ್ ಆಕ್ಟಿವೇಶನ್ಸ್ ಅಂತ ಒಂದು ದಾರಿ ಕೊಟ್ರು, ಥ್ರೆಡ್ ಬ್ಲಾಕ್ ಆದಾಗ, ಅಂದ್ರೆ ಕಾಯ್ತಾ ಮಲಗಿದಾಗ, ಕರ್ನಲ್ಲೇ ಮೇಲಕ್ಕೆ ಕರೆ ಮಾಡಿ ಹೇಳೋದು. ಪೇಪರ್ ಮೇಲೆ ಚೆಂದ, ಕೋಡಲ್ಲಿ ನಿಭಾಯಿಸೋದು ಕಷ್ಟ. ನೆಟ್‌ಬಿಎಸ್‌ಡಿ ಬಿಟ್ಟಿದ್ದು ಇದನ್ನೇ.

ಆಮೇಲೆ ಅದೇ ಎಂ:ಎನ್ ಬೇರೆ ಬಾಗಿಲಿಂದ ಒಳಗೆ ಬಂತು ನೋಡಿ. 2009ರಲ್ಲಿ ಗೋ ಲ್ಯಾಂಗ್ವೇಜು, 2023ರ ಸೆಪ್ಟೆಂಬರಲ್ಲಿ ಜಾವಾ 21ರ ವರ್ಚುವಲ್ ಥ್ರೆಡ್ಸು. ಕರ್ನಲ್ಲಲ್ಲಿ ಸೋತಿದ್ದು ಲ್ಯಾಂಗ್ವೇಜ್ ರನ್‌ಟೈಮಲ್ಲಿ (ಪ್ರೋಗ್ರಾಮ್ ಜೊತೆ ಓಡೋ ಭಾಷೆಯ ಸ್ವಂತ ವ್ಯವಸ್ಥೆ) ಹೆಂಗೆ ಗೆಲ್ತು ಅಂದ್ರೆ, ಓಎಸ್ ಲೈಬ್ರರಿ ಪ್ರಪಂಚದಲ್ಲಿರೋ ಯಾವ್ದೋ ಸಿ ಪ್ರೋಗ್ರಾಮ್ ಬಂದ್ರೂ ಸುಧಾರಿಸ್ಬೇಕು, ಅದು ಯಾವ ಸಾಲಲ್ಲಿ ಬ್ಲಾಕ್ ಆಗುತ್ತೆ ಅಂತ ಲೈಬ್ರರಿಗೆ ಗೊತ್ತಾಗಲ್ಲ. ಗೋದಲ್ಲಿ ಕಂಪೈಲರ್ರೂ ಅವರದ್ದೇ, ನೆಟ್‌ವರ್ಕ್ ಲೈಬ್ರರೀನೂ ಅವರದ್ದೇ, ಸ್ಟ್ಯಾಕನ್ನ (ಪ್ರತಿ ಥ್ರೆಡ್ಡಿನ ಕೆಲಸದ ಮೆಮೊರಿ) 2 ಕೆಬಿಯಿಂದ ಶುರು ಮಾಡಿ ಬೇಕಾದಂಗೆ ಬೆಳೆಸ್ಕೊಳೋದೂ ಅವರ ಕೈಲೇ ಇದೆ. ಕಾಯೋ ಜಾಗಗಳೆಲ್ಲ ರನ್‌ಟೈಮಿಗೆ ಗೊತ್ತಿದ್ರೆ ಎಂ:ಎನ್ ಚೆನ್ನಾಗಿ ಓಡುತ್ತೆ, ಗೊತ್ತಿಲ್ಲದ ಜಾಗದಲ್ಲಿ ಕಾಯೋಕೆ ಶುರು ಮಾಡಿದ್ರೆ ಹಳೇ ತೊಂದರೆಗಳೆಲ್ಲ ವಾಪಸ್. ಇದನ್ನ ತಲೇಲಿಟ್ಕೊಳಿ, ಹಂತ 5ರಲ್ಲಿ ಬೇಕು.

ಹಂತ 2: ಕೆಲಸ ಏನಕ್ಕೆ ಕಾಯ್ತಿದೆ ಅಂತ ಅಳೀರಿ

ಊಹೆ ಮಾಡ್ಬೇಡಿ, ಅಳೆಯೋದು ಐದು ನಿಮಿಷದ ಕೆಲಸ. ಫೋಟೋ ಪ್ರೋಗ್ರಾಮನ್ನ ಟೈಮ್ ಕಮಾಂಡ್ ಜೊತೆ ಓಡಿಸಿ, ರಿಯಲ್, ಯೂಸರ್, ಸಿಸ್ ಅಂತ ಮೂರು ನಂಬರ್ ಬರ್ತವೆ, ರಿಯಲ್ ಅಂದ್ರೆ ಗಡಿಯಾರದ ಹೊತ್ತು, ಉಳಿದೆರಡು ಸಿಪಿಯು ದುಡಿದ ಹೊತ್ತು. ಯೂಸರ್ ಮತ್ತೆ ಸಿಸ್ ಕೂಡಿಸಿ ರಿಯಲ್ಲಿಂದ ಭಾಗಿಸಿ. 8 ಕೋರ್ ಮೆಷಿನ್ನಲ್ಲಿ ಉತ್ತರ 7 ಚಿಲ್ಲರೆ ಬಂದ್ರೆ ಸಿಪಿಯು ಪೂರ್ತಿ ದುಡೀತಿದೆ, ಕಾಯೋ ಮಾತೇ ಇಲ್ಲ. 0.1, 0.2 ಹಿಂಗೆ ಬಂದ್ರೆ ನಿಮ್ಮ ಪ್ರೋಗ್ರಾಮ್ ಬಹುಪಾಲು ನಿದ್ದೆ ಹೊಡೀತಿದೆ.

ಓಡ್ತಾನೇ ಇರೋ ಸರ್ವರ್ ಆದ್ರೆ ಪ್ರೊಕ್ ಒಳಗೆ ಪಿಐಡಿ ಒಳಗೆ ಸ್ಟೇಟಸ್ ಅನ್ನೋ ಫೈಲ್ ಇರುತ್ತೆ, ಅದರ ಕೊನೇಲಿ ವಾಲಂಟರಿ ಮತ್ತೆ ನಾನ್‌ವಾಲಂಟರಿ ಕಾಂಟೆಕ್ಸ್ಟ್ ಸ್ವಿಚ್ ಅಂತ ಎರಡು ಸಾಲು. ವಾಲಂಟರಿ ಅಂದ್ರೆ ಥ್ರೆಡ್ಡು ಏನಕ್ಕೋ ಕಾಯ್ತಾ ತಾನಾಗೇ ಸಿಪಿಯು ಬಿಟ್ಕೊಟ್ಟಿದ್ದು, ನಾನ್‌ವಾಲಂಟರಿ ಅಂದ್ರೆ ಇನ್ನೂ ಕೆಲಸ ಇತ್ತು ಆದ್ರೆ ಕರ್ನಲ್ ಎಬ್ಬಿಸಿ ಕಳಿಸ್ತು. ಆ ಫೈಲಲ್ಲಿ ಬರೋದು ಮೇನ್ ಥ್ರೆಡ್ದು ಮಾತ್ರ, ಪ್ರತಿ ಥ್ರೆಡ್ದು ಬೇಕು ಅಂದ್ರೆ ಟಾಸ್ಕ್ ಫೋಲ್ಡರ್ ಒಳಗಿರೋ ಒಂದೊಂದು ಸ್ಟೇಟಸ್ಸನ್ನೂ ನೋಡ್ಬೇಕು, ಇಲ್ಲಾ ಪಿಡ್‌ಸ್ಟ್ಯಾಟ್ ಕಮಾಂಡಿಗೆ ಡಬ್ಲ್ಯು ಮತ್ತೆ ಟಿ ಆಪ್ಷನ್ ಹಾಕಿ. ನಾನ್‌ವಾಲಂಟರಿ ಜಾಸ್ತಿ ಏರ್ತಿದ್ರೆ ಕೋರಿಗಿಂತ ಜಾಸ್ತಿ ಥ್ರೆಡ್ಡು ಕಿತ್ತಾಡ್ತಿದಾವೆ ಅಂತ ಅರ್ಥ, ಅಲ್ಲಿ ಮಾಡೆಲ್ ಬದಲಾಯಿಸಿದ್ರೂ ಏನೂ ಆಗಲ್ಲ.

ಹಂತ 3: ಎಷ್ಟು ಜನ ಒಟ್ಟಿಗೆ ಕಾಯ್ತಾರೆ ಲೆಕ್ಕ ಹಾಕಿ

ಇಲ್ಲಿ ಲಿಟಲ್ಸ್ ಲಾ ಬೇಕು, ಜಾನ್ ಲಿಟಲ್ 1961ರಲ್ಲಿ ಪ್ರೂವ್ ಮಾಡಿದ್ದು, ಸೆಕೆಂಡಿಗೆ ಎಷ್ಟು ಬರ್ತಾರೆ ಇಂಟು ಒಬ್ಬೊಬ್ರು ಎಷ್ಟು ಹೊತ್ತು ಇರ್ತಾರೆ, ಉತ್ತರ ಒಂದೇ ಟೈಮಲ್ಲಿ ಒಳಗೆ ಎಷ್ಟು ಜನ ಅಂತ. ಬಟ್ಟೆ ಅಂಗಡೀಲಿ ಹಬ್ಬದ ಸೀಸನ್ನಲ್ಲಿ ಸೆಕೆಂಡಿಗೆ 20 ರಿಕ್ವೆಸ್ಟ್ ಅಂದ್ಕೊಳಿ, ಒಂದಕ್ಕೆ 150 ಮಿಲಿಸೆಕೆಂಡು. 20 ಇಂಟು 0.15, ಮೂರು. ಮೂರೇ! ಹತ್ತು ಥ್ರೆಡ್ಡಿನ ಪೂಲ್ (ಮೊದ್ಲೇ ಮಾಡಿಟ್ಕೊಂಡ ಗುಂಪು) ಇಟ್ರೆ ಧಾರಾಳ ಆಯ್ತು. ಇದಕ್ಕೆ ವರ್ಚುವಲ್ ಥ್ರೆಡ್ಡು ಅಸಿಂಕ್ ಫ್ರೇಮ್‌ವರ್ಕು ಅಂತ ತಂದು ಹಾಕೋರನ್ನ ನೋಡಿದೀನಿ, ಮೂಗಿಗಿಂತ ಮೂಗುತಿ ಭಾರ.

ಪಂಪ್‌ಸೆಟ್ ಲೆಕ್ಕ ಮಜವಾಗಿದೆ. 20,000 ಡಬ್ಬ, ನಿಮಿಷಕ್ಕೊಂದ್ಸಲ ನಾನಿದೀನಿ ಅಂತ ಮೆಸೇಜ್ ಕಳಿಸ್ತವೆ, ಮೋಟರ್ ಆನಾ ಆಫಾ, ಮೂರು ಫೇಸೂ ಇದೆಯಾ ಅಷ್ಟೇ. ಸೆಕೆಂಡಿಗೆ 333 ಮೆಸೇಜು, ಒಂದಕ್ಕೆ 6 ಮಿಲಿಸೆಕೆಂಡ್ ಅಂದ್ರೆ ಯಾವಾಗ ನೋಡಿದ್ರೂ ನಿಜವಾಗ್ಲೂ ಕೆಲಸ ನಡೀತಿರೋದು ಎರಡೇ ಎರಡಕ್ಕೆ. ಆದ್ರೆ ಕನೆಕ್ಷನ್ನು 20,000 ತೆರೆದೇ ಇರ್ತವೆ, ಯಾಕಂದ್ರೆ ರೈತ ಮನೇಲಿ ಕೂತು ಬಟನ್ ಒತ್ತಿದ ತಕ್ಷಣ ಗದ್ದೇಲಿ ಮೋಟರ್ ಆನ್ ಆಗ್ಬೇಕಲ್ಲ. ಕನೆಕ್ಷನ್ನಿಗೊಂದು ಥ್ರೆಡ್ಡು ಅಂತ ಬರೆದ್ರೆ 20,000 ಥ್ರೆಡ್ಡಲ್ಲಿ 19,998 ಮಲಗಿರ್ತವೆ. ಮಲಗಿರೋದು ಮತ್ತೆ ದುಡೀತಿರೋದು ಇವೆರಡರ ಮಧ್ಯೆ ಇಷ್ಟು ಅಂತರ ಇದ್ದಾಗ ಮಾತ್ರ ಎಂ:ಎನ್ ಕಡೆ ತಲೆ ಹಾಕಿ.

ಹಂತ 4: 1:1ರ ಖರ್ಚು ಎಷ್ಟು ಅಂತ ನೋಡಿ, ಹೆದರ್ಬೇಡಿ

ಎಲ್ರೂ ಹೇಳೋ ಹೆದರಿಕೆ ಮಾತು, ಥ್ರೆಡ್ಡಿಗೆ 8 ಎಂಬಿ ಸ್ಟ್ಯಾಕು, 20,000 ಥ್ರೆಡ್ ಅಂದ್ರೆ 160 ಜಿಬಿ, ಸತ್ತೋಯ್ತು ಮೆಷಿನ್ನು ಅಂತ. ಹಂಗೇನಿಲ್ಲ ಬುಡಿ. ಆ 8 ಎಂಬಿ ಬರೀ ವರ್ಚುವಲ್ ಅಡ್ರೆಸ್ಸು, ಥ್ರೆಡ್ಡು ಮುಟ್ಟಿದ 4 ಕೆಬಿ ಪೇಜುಗಳಿಗೆ ಮಾತ್ರ ನಿಜವಾದ ರ‍್ಯಾಮ್ ಹೋಗೋದು, 64 ಬಿಟ್ ಮೆಷಿನ್ನಲ್ಲಿ ವರ್ಚುವಲ್ ಅಡ್ರೆಸ್ಸಿಗೇನು ಬರ ಇಲ್ಲ. ನಿಜವಾದ ಲೆಕ್ಕ ಏನಂದ್ರೆ ಎಕ್ಸ್86 64 ಬಿಟ್ಟಲ್ಲಿ ಪ್ರತಿ ಥ್ರೆಡ್ಡಿಗೂ ಕರ್ನಲ್ ಕಡೆ 16 ಕೆಬಿ ಸ್ಟ್ಯಾಕು ಬೇಕು, 20,000ಕ್ಕೆ ಸುಮಾರು 312 ಎಂಬಿ ಆಯ್ತು, ಯೂಸರ್ ಕಡೆ ಮೂರು ಪೇಜ್ ಮುಟ್ಟಿದ್ರೂ ಇನ್ನೊಂದು 234 ಎಂಬಿ. 8 ಜಿಬಿ ಸರ್ವರಲ್ಲಿ ಆರಾಮಾಗಿ ಹಿಡಿಯುತ್ತೆ. ತಿಂಗಳಿಗೆ ಕಮ್ಮಿ ದುಡ್ಡು ಕೊಟ್ಟು ತಗೊಂಡ 1 ಜಿಬಿ ವಿಪಿಎಸ್ಸಲ್ಲಿ (ಬಾಡಿಗೆ ವರ್ಚುವಲ್ ಸರ್ವರ್) ಇಕ್ಕಟ್ಟಾಗುತ್ತೆ, ಅಷ್ಟೇ ವಿಷಯ.

ರ‍್ಯಾಮಿಗಿಂತ ಮೊದ್ಲು ಬೇರೆ ಗೋಡೆಗಳು ತಗುಲ್ತವೆ, ಅವನ್ನ ನೋಡ್ಕೊಳಿ. ಥ್ರೆಡ್ ಮಾಡೋಕೆ ಹೋದಾಗ ರಿಸೋರ್ಸ್ ಟೆಂಪೊರರಿಲಿ ಅನ್‌ಅವೈಲಬಲ್ ಅಂತ ಬಂದ್ರೆ, ಇಲ್ಲಾ ಜಾವಾದಲ್ಲಿ ಔಟ್ ಆಫ್ ಮೆಮೊರಿ, ಅನೇಬಲ್ ಟು ಕ್ರಿಯೇಟ್ ನೇಟಿವ್ ಥ್ರೆಡ್ ಅಂತ ಬಂದ್ರೆ, ತುಂಬಾ ಜನ ರ‍್ಯಾಮ್ ಹಾಕ್ಸೋಕೆ ಓಡ್ತಾರೆ. ರ‍್ಯಾಮ್ ಹೆಚ್ಚಿನ ಸಲ ಖಾಲಿನೇ ಇರುತ್ತೆ, ತಗುಲಿರೋದು ಮಿತಿ. ಸಿಸ್ಟಂಡಿ (ಲಿನಕ್ಸಲ್ಲಿ ಸರ್ವಿಸ್‌ಗಳನ್ನ ಓಡಿಸಿ ನೋಡ್ಕೊಳೋ ಪ್ರೋಗ್ರಾಮು) ಸರ್ವಿಸ್ ಆದ್ರೆ ಟಾಸ್ಕ್ಸ್‌ಮ್ಯಾಕ್ಸ್ ಅಂತ ಒಂದಿದೆ, ಡೀಫಾಲ್ಟಾಗಿ ಸಿಸ್ಟಂ ಮಿತಿಯ ಶೇಕಡಾ 15, ಪಿಐಡಿ ಮ್ಯಾಕ್ಸ್ 32,768 ಇರೋ ಹಳೇ ಮೆಷಿನ್ನಲ್ಲಿ ಅದು 4,915ಕ್ಕೆ ನಿಲ್ಲುತ್ತೆ. ಡಾಕರ್ ಕಂಟೇನರ್ ಒಳಗಿದ್ರೆ ಪಿಡ್ಸ್ ಲಿಮಿಟ್ ಬೇರೆ ಹಾಕಿರಬಹುದು. ಯುಲಿಮಿಟ್ ಕಮಾಂಡಿಗೆ ಯು ಆಪ್ಷನ್ ಹಾಕಿದ್ರೆ ಬರೋದು ನಿಮ್ಮ ಯೂಸರಿಗೆ ಎಷ್ಟು ಅಂತ. ಇದೆಲ್ಲ ಏರಿಸಿದ್ರೂ 32,000 ಥ್ರೆಡ್ ಆಸುಪಾಸಲ್ಲಿ ಮತ್ತೆ ನಿಂತ್ಕೊಂಡ್ರೆ ಅದು ಮ್ಯಾಕ್ಸ್ ಮ್ಯಾಪ್ ಕೌಂಟ್, ಅಂದ್ರೆ ಒಂದು ಪ್ರೊಸೆಸ್ಸಿಗೆ ಎಷ್ಟು ಮೆಮೊರಿ ಮ್ಯಾಪಿಂಗ್ ಅನ್ನೋ ಮಿತಿ, ಕರ್ನಲ್ ಡೀಫಾಲ್ಟ್ 65,530, ಪ್ರತಿ ಥ್ರೆಡ್ಡಿನ ಸ್ಟ್ಯಾಕಿಗೊಂದು ಅದರ ಗಾರ್ಡ್ ಪೇಜಿಗೊಂದು (ಸ್ಟ್ಯಾಕ್ ಗಡಿ ದಾಟದಂಗೆ ಕಾಯೋ ಪೇಜು) ಅಂತ ಎರಡೆರಡು ಮ್ಯಾಪಿಂಗ್ ತಿನ್ನುತ್ತೆ, ಅದಕ್ಕೇ ಕರೆಕ್ಟಾಗಿ ಅರ್ಧದಲ್ಲಿ ಗಾಡಿ ನಿಲ್ಲೋದು.

ಇನ್ನೊಂದು ಕಣ್ಣಿಗೆ ಬೀಳದ ಖರ್ಚು ಮ್ಯಾಲಕ್ ಅರೀನಾ, ಪ್ರೋಗ್ರಾಮಿಗೆ ಮೆಮೊರಿ ಹಂಚೋಕೆ ಇಟ್ಕೊಳೋ ಜಾಗ. ಥ್ರೆಡ್ಡುಗಳು ಒಂದೇ ಲಾಕಿಗೆ ಕಿತ್ತಾಡ್ದೆ ಇರ್ಲಿ ಅಂತ ಜಿಲಿಬ್‌ಸಿ ಬೇರೆ ಬೇರೆ ಅರೀನಾ ಕೊಡುತ್ತೆ, 64 ಬಿಟ್ಟಲ್ಲಿ ಕೋರಿಗೆ 8ರ ತನಕ. ಥ್ರೆಡ್ ಜಾಸ್ತಿ ಆದಂಗೆ ಮೆಮೊರಿ ನಿಧಾನಕ್ಕೆ ಏರ್ತಾ ಹೋಗೋದು, ಲೀಕ್ ಇದೆ ಅಂತ ವಾರಗಟ್ಟಲೆ ಹುಡುಕೋದು, ಎಷ್ಟೋ ಕಡೆ ಇದರಿಂದಾನೇ. ಮ್ಯಾಲಕ್ ಅರೀನಾ ಮ್ಯಾಕ್ಸ್ ಅನ್ನೋ ಎನ್ವಿರಾನ್ಮೆಂಟ್ ವೇರಿಯೇಬಲ್ 2 ಅಂತ ಇಟ್ಟು ನೋಡಿ, ಮೆಮೊರಿ ಇಳಿದ್ರೆ ಕಾರಣ ಸಿಕ್ತು.

ಹಂತ 5: ಈಗ ಆರಿಸಿ

ಫೋಟೋ ಕೆಲಸಕ್ಕೆ ಯೋಚ್ನೆನೇ ಬೇಡ. 1:1, ಕೋರು ಎಷ್ಟೋ ಅಷ್ಟು ಥ್ರೆಡ್ಡಿನ ಪೂಲು. ಕೋರ್ ಎಷ್ಟಿದೆ ಅಂತ ಎನ್‌ಪ್ರೊಕ್ ಹೇಳುತ್ತೆ. ಕಂಟೇನರ್ ಒಳಗಿದ್ರೆ ಮಾತ್ರ ಹುಷಾರು, 64 ಕೋರಿನ ಹೋಸ್ಟಲ್ಲಿ ನಿಮಗೆ 2 ಸಿಪಿಯು ಕೋಟಾ ಕೊಟ್ಟಿರ್ತಾರೆ, ಪ್ರೋಗ್ರಾಮಿಗೆ 64 ಕಾಣ್ಸುತ್ತೆ, 64 ಥ್ರೆಡ್ ಬಿಟ್ಟು ಕೋಟಾ ಮುಗ್ಸಿ ಉಳಿದ ಹೊತ್ತೆಲ್ಲ ಕರ್ನಲ್ ಅದನ್ನ ಕಟ್ಟಿ ಹಾಕಿರುತ್ತೆ. ಗೋ ರನ್‌ಟೈಮ್ ಈ ಕೋಟಾನ ತಾನಾಗೇ ನೋಡೋಕೆ ಶುರು ಮಾಡಿದ್ದೇ 2025ರ 1.25ರಲ್ಲಿ, ಅದಕ್ಕಿಂತ ಹಳೇದಾದ್ರೆ ಗೋಮ್ಯಾಕ್ಸ್‌ಪ್ರೊಕ್ಸ್ (ಒಂದೇ ಟೈಮಿಗೆ ಎಷ್ಟು ಥ್ರೆಡ್ಡಲ್ಲಿ ಗೋ ಕೋಡ್ ಓಡ್ಬೇಕು ಅನ್ನೋ ಸೆಟ್ಟಿಂಗು) ಕೈಯಲ್ಲೇ ಇಡಿ.

ಬಿಲ್ಲಿಂಗಿಗೂ 1:1, ಚಿಕ್ಕ ಪೂಲು. ಪೂಲ್ ಸೈಜಿಗೆ ನಿಜವಾದ ಮಿತಿ ಹಿಂದಿರೋ ಡೇಟಾಬೇಸು, ಪೋಸ್ಟ್‌ಗ್ರೆಸ್ಸಲ್ಲಿ ಡೀಫಾಲ್ಟ್ 100 ಕನೆಕ್ಷನ್ನು, ಅದೂ ಒಂದೊಂದು ಕನೆಕ್ಷನ್ನಿಗೂ ಒಂದೊಂದು ಪ್ರೊಸೆಸ್ಸೇ ಎಬ್ಬಿಸುತ್ತೆ. ಮುಂದೆ 1,000 ಥ್ರೆಡ್ ಇಟ್ರೆ 900 ಥ್ರೆಡ್ ಆಚೆ ನಿಂತು ಕಾಯ್ತವೆ, ಸರದಿ ನಿಮ್ಮ ಕಣ್ಣಿಗೆ ಕಾಣ್ದಿರೋ ಜಾಗಕ್ಕೆ ಹೋಯ್ತು ಅಷ್ಟೇ.

ಪಂಪ್‌ಸೆಟ್ಟಿಗೆ ಮೂರು ದಾರಿ ಇದಾವೆ. ಒಂದು, ಸ್ಟ್ಯಾಕ್ ಸೈಜ್ ಇಳಿಸಿ, ಮಿತಿ ಏರಿಸಿ, ಥ್ರೆಡ್ಡಿಗೊಂದು ಕನೆಕ್ಷನ್ನೇ ಇಡೋದು. ನಗ್ಬೇಡಿ, 5,000 ಡಬ್ಬದ ತನಕ ನಾನು ಇದನ್ನೇ ಹೇಳ್ತೀನಿ, ಕೋಡು ನೆಟ್ಟಗಿರುತ್ತೆ, ಡೀಬಗ್ಗರಲ್ಲಿ ಸ್ಟ್ಯಾಕ್ ಪೂರ್ತಿ ಕಾಣ್ಸುತ್ತೆ, ಹೊಸಬ ಬಂದ್ರೂ ಓದ್ಕೊತಾನೆ. ಎರಡು, ಈಪೋಲ್ (ಯಾವ ಕನೆಕ್ಷನ್ನಲ್ಲಿ ಡೇಟಾ ಬಂತು ಅಂತ ಹೇಳೋ ಲಿನಕ್ಸ್ ಸೌಲಭ್ಯ) ಇಟ್ಕೊಂಡು ಈವೆಂಟ್ ಲೂಪು, ಅಂದ್ರೆ ಒಂದೇ ಕರ್ನಲ್ ಥ್ರೆಡ್ಡಿನ ಮೇಲೆ ಎಲ್ಲಾ ಕನೆಕ್ಷನ್ನು, ಹಳೇ ಎನ್:1ರ ತಮ್ಮ ಇದ್ದಂಗೆ. ಮೆಮೊರಿ ತುಂಬಾ ಕಮ್ಮಿ, ಆದ್ರೆ ಯಾವ್ದೋ ಒಂದು ಕಾಲ್ ಬ್ಲಾಕ್ ಆದ್ರೆ 20,000 ಡಬ್ಬಾನೂ ಒಟ್ಟಿಗೆ ನಿಲ್ತವೆ. ಇಲ್ಲಿ ಸಿಕ್ಕಿ ಹಾಕ್ಕೊಳೋದು ಯಾರೂ ಅನುಮಾನ ಪಡದ ಎರಡು ಜಾಗ: ಹೆಸರಿಂದ ಐಪಿ ಹುಡುಕೋ ಗೆಟ್‌ಅಡ್ರ್‌ಇನ್ಫೋ ಬ್ಲಾಕ್ ಆಗುತ್ತೆ, ಮತ್ತೆ ಡಿಸ್ಕಿನ ಮಾಮೂಲಿ ಫೈಲಿಗೆ ಈಪೋಲ್ ಕೆಲಸಾನೇ ಮಾಡಲ್ಲ, ಸೇರಿಸೋಕೆ ಹೋದ್ರೆ ಪರ್ಮಿಷನ್ ಎರರ್ ಕೊಡುತ್ತೆ. ಅದಕ್ಕೇ ನೋಡ್ ಜೆಎಸ್ ಒಳಗಿರೋ ಲಿಬ್‌ಯುವಿ ಫೈಲ್ ಕೆಲಸಕ್ಕೆ ಮತ್ತೆ ಈ ಹೆಸರು ಹುಡುಕೋದಕ್ಕೆ ಅಂತ ಪಕ್ಕದಲ್ಲಿ 4 ಥ್ರೆಡ್ಡಿನ ಪೂಲ್ ಇಟ್ಕೊಂಡಿದೆ, ಒಂದೇ ಥ್ರೆಡ್ಡು ಅಂತ ಹೇಳ್ಕೊಳೋದರ ಹಿಂದೆ ಥ್ರೆಡ್ಡುಗಳಿದಾವೆ.

ಮೂರನೇದು ಗೋ ಅಥವಾ ಜಾವಾ 21, ಎಂ:ಎನ್. 20,000 ಗೋರುಟೀನಿಗೆ (ಗೋದ ಹಗುರ ಥ್ರೆಡ್ಡು) ಶುರುವಿನ ಸ್ಟ್ಯಾಕ್ ಲೆಕ್ಕದಲ್ಲಿ 40 ಎಂಬಿ ಅಷ್ಟೇ, ಕೋಡು ಥ್ರೆಡ್ಡಿನ ಥರಾನೇ ಮೇಲಿಂದ ಕೆಳಕ್ಕೆ ಓದ್ಕೊಂಡು ಹೋಗ್ಬೋದು. 20,000ಕ್ಕೆ ನನ್ನ ಓಟು ಇದಕ್ಕೇ.

ಆದ್ರೆ ಹಂತ 1ರಲ್ಲಿ ಹೇಳಿದ್ದು ನೆನಪಿದೆಯಲ್ಲ, ರನ್‌ಟೈಮಿಗೆ ಗೊತ್ತಿಲ್ಲದ ಜಾಗದಲ್ಲಿ ಕಾದ್ರೆ ಕೆಟ್ಟಂಗೆ. ಗೋದಲ್ಲಿ ಸಿ-ಗೋ ಅನ್ನೋ ಸೇತುವೆ ಮೂಲಕ ಸಿ ಲೈಬ್ರರಿ ಕರೆದು ಅದು ಒಳಗೆ ಬ್ಲಾಕ್ ಆದ್ರೆ ಒಂದೊಂದು ಕಾಲಿಗೂ ಒಂದೊಂದು ನಿಜವಾದ ಓಎಸ್ ಥ್ರೆಡ್ಡು ಹೋಗುತ್ತೆ, 10,000 ದಾಟಿದ್ರೆ ರನ್‌ಟೈಮ್ ಪ್ರೋಗ್ರಾಮನ್ನೇ ಕೊಂದ್ಹಾಕುತ್ತೆ. ಜಾವಾ 21ರಲ್ಲಿ ಸಿಂಕ್ರನೈಸ್ಡ್ ಬ್ಲಾಕ್ (ಒಂದ್ಸಲಕ್ಕೆ ಒಂದೇ ಥ್ರೆಡ್ಡು ಹೋಗೋ ಕೋಡ್ ಭಾಗ) ಒಳಗಿದ್ದು ಕಾದ್ರೆ ವರ್ಚುವಲ್ ಥ್ರೆಡ್ಡು ಅದನ್ನ ಹೊತ್ತು ಓಡಿಸೋ ಕ್ಯಾರಿಯರ್ ಅನ್ನೋ ಓಎಸ್ ಥ್ರೆಡ್ಡಿಗೆ ಅಂಟ್ಕೊಂಡ್ಬಿಡುತ್ತೆ, ಕ್ಯಾರಿಯರ್ ಇರೋದೇ ಕೋರಿನಷ್ಟು, 4 ಕೋರಲ್ಲಿ ನಾಲ್ಕು ಹಿಂಗೆ ಅಂಟಿದ್ರೆ ಉಳಿದವಕ್ಕೆ ಓಡೋಕೆ ಜಾಗಾನೇ ಇಲ್ಲ. ಅದನ್ನ ಸರಿ ಮಾಡಿದ್ದು 2025ರ ಮಾರ್ಚಲ್ಲಿ ಬಂದ 24ರಲ್ಲಿ, ಹಂಗಾಗಿ 21ರಲ್ಲೇ ಇರೋರು ಆ ಜಾಗಗಳಲ್ಲಿ ರೀಎಂಟ್ರಂಟ್ ಲಾಕ್ ಹಾಕಿ. ವರ್ಚುವಲ್ ಥ್ರೆಡ್ಡಿಗೆ ಪೂಲ್ ಮಾತ್ರ ಮಾಡ್ಬೇಡಿ, ಕೆಲಸಕ್ಕೊಂದು ಹೊಸದು ಮಾಡಿ ಬಿಸಾಕಿ, ಡೇಟಾಬೇಸಿಗೆ ಮಿತಿ ಬೇಕಿದ್ರೆ ಸೆಮಾಫೋರ್ (ಒಂದ್ಸಲಕ್ಕೆ ಇಷ್ಟೇ ಅಂತ ತಡೆಯೋ ಗೇಟು) ಇಡಿ.

ಪೈಥಾನ್ ಬಗ್ಗೆ ಪ್ರತಿ ಸಲ ಯಾರಾದ್ರೂ ಜೂನಿಯರ್ ಕೇಳೇ ಕೇಳ್ತಾರೆ.
"ಅಣ್ಣ, ಗೋ ಎಲ್ಲಾ ಯಾಕೆ, ಪೈಥಾನಲ್ಲೇ ಥ್ರೆಡ್ ಹಾಕುದ್ರೆ ಆಗಲ್ವಾ?"
"ಆಗುತ್ತೆ ಕಣಪ್ಪ, ಅದೂ 1:1 ಥ್ರೆಡ್ಡೇ. ಆದ್ರೆ ಮಾಮೂಲಿ ಬಿಲ್ಡಲ್ಲಿ ಜಿಐಎಲ್ ಅಂತ ಇಡೀ ಇಂಟರ್ಪ್ರಿಟರಿಗೆ ಒಂದೇ ಲಾಕ್ ಇರೋದ್ರಿಂದ ಒಂದು ಟೈಮಿಗೆ ಒಂದೇ ಥ್ರೆಡ್ಡು ಪೈಥಾನ್ ಕೋಡ್ ಓಡ್ಸೋದು. ಕಾಯೋ ಕೆಲಸಕ್ಕೆ ಪರ್ವಾಗಿಲ್ಲ, ಫೋಟೋ ಕೆಲಸನ ಬರೀ ಪೈಥಾನಲ್ಲಿ ಬರೆದು ಥ್ರೆಡ್ ಹಾಕುದ್ರೆ ಎಂಟು ಕೋರಲ್ಲಿ ಏಳು ಸುಮ್ನೆ ಕೂತಿರ್ತವೆ."
ಜಿಐಎಲ್ ಇಲ್ಲದ ಬಿಲ್ಡು 2024ರ ಅಕ್ಟೋಬರಲ್ಲಿ 3.13ರ ಜೊತೆ ಪ್ರಯೋಗಕ್ಕೆ ಅಂತ ಬಂತು. ನಿಮ್ಮ ಲೈಬ್ರರಿಗಳು ಅದಕ್ಕೆ ರೆಡಿ ಇದಾವಾ ನೋಡ್ಕೊಂಡು ಮುಟ್ಟಿ, ಅಲ್ಲೀತನಕ ಮಲ್ಟಿಪ್ರೊಸೆಸಿಂಗ್, ಅಂದ್ರೆ ಥ್ರೆಡ್ ಬದಲು ಬೇರೆ ಬೇರೆ ಪ್ರೊಸೆಸ್ಸು.

ಸ್ವಂತ ಕರ್ನಲ್ ಬರೀತಿರೋರಿಗೆ

ಕಾಲೇಜಲ್ಲಿ ಎಕ್ಸ್‌ವಿ6 (ಪಾಠಕ್ಕೆ ಅಂತ ಬರೆದ ಚಿಕ್ಕ ಓಎಸ್) ಇಟ್ಕೊಂಡು ಥ್ರೆಡ್ ಸೇರಿಸೋ ಪ್ರಾಜೆಕ್ಟ್ ಮಾಡೋರು ಮಾತ್ರ ನಿಜವಾಗ್ಲೂ ಮೂರು ಚಿತ್ರದಲ್ಲಿ ಒಂದನ್ನ ಆರಿಸ್ಬೋದು. ಮೊದ್ಲು ಯೂಸರ್ ಸ್ಪೇಸಲ್ಲಿ ಎನ್:1 ಮಾಡಿ, ರಿಸ್ಕ್ ಫೈವ್ ಪ್ರೊಸೆಸರಿನ ಎಕ್ಸ್‌ವಿ6ನಲ್ಲಿ ಸ್ವಿಚ್ ಅಂದ್ರೆ ಆರ್‌ಎ, ಎಸ್‌ಪಿ ಮತ್ತೆ ಎಸ್0ಯಿಂದ ಎಸ್11, ಒಟ್ಟು 14 ರಿಜಿಸ್ಟರ್ ಎತ್ತಿಟ್ಟು ಇನ್ನೊಬ್ಬನದು ಹಾಕೋದು ಅಷ್ಟೇ, ಕೈಗೆ ಹತ್ತಿದ್ರೆ ಒಂದು ಸಂಜೆ ಕೆಲಸ. ಆಮೇಲೆ 1:1ಕ್ಕೆ ಹೋಗಿ. ಅಲ್ಲಿ ಎಲ್ರೂ ಎಡವೋ ಜಾಗ ಟ್ರಾಪ್‌ಫ್ರೇಮು (ಕರ್ನಲ್ಲಿಗೆ ಹೋಗುವಾಗ ಯೂಸರ್ ರಿಜಿಸ್ಟರ್ ಎತ್ತಿಡೋ ಜಾಗ), ಎಕ್ಸ್‌ವಿ6 ಅದನ್ನ ಪ್ರತಿ ಪೇಜ್ ಟೇಬಲ್ಲಲ್ಲೂ ಒಂದೇ ಅಡ್ರೆಸ್ಸಲ್ಲಿ ಮ್ಯಾಪ್ ಮಾಡುತ್ತೆ, ಎರಡು ಥ್ರೆಡ್ಡು ಒಂದೇ ಪೇಜ್ ಟೇಬಲ್ ಹಂಚ್ಕೊಂಡ ತಕ್ಷಣ ಒಬ್ಬನ ರಿಜಿಸ್ಟರ್ ಮೇಲೆ ಇನ್ನೊಬ್ಬ ಬರೀತಾನೆ, ಅದಕ್ಕೆ ಥ್ರೆಡ್ಡಿಗೊಂದು ಬೇರೆ ಅಡ್ರೆಸ್ ಕೊಡಿ. ಮೆಮೊರಿ ಬೆಳೆಸೋ ಎಸ್‌ಬಿಆರ್‌ಕೆ ಕಾಲಿಗೆ ಲಾಕ್ ಹಾಕಿ, ಪೇಜ್ ಟೇಬಲ್ಲನ್ನ ಕೊನೇ ಥ್ರೆಡ್ಡು ಹೋದ್ಮೇಲೆ ಮಾತ್ರ ಫ್ರೀ ಮಾಡಿ. ಎಂ:ಎನ್ ಕಡೆ ಹೋಗ್ಬೇಡಿ, ಸೆಮಿಸ್ಟರ್ ಮುಗ್ದೋಗುತ್ತೆ.

ಹಂತ 6: ಕರೆಂಟ್ ಬಂದ ನಿಮಿಷಕ್ಕೆ ಟೆಸ್ಟ್ ಮಾಡಿ

ಪಂಪ್‌ಸೆಟ್ ಸರ್ವರ್ ಆರಾಮ ದಿನದಲ್ಲಿ ಟೆಸ್ಟ್ ಮಾಡಿದ್ರೆ ಯಾವ ಮಾಡೆಲ್ ಹಾಕಿದ್ರೂ ಪಾಸಾಗುತ್ತೆ, ಸೆಕೆಂಡಿಗೆ 333 ಮೆಸೇಜು ಯಾವ ಲೆಕ್ಕ. ಆದ್ರೆ ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರೋದು ಇಂತಿಷ್ಟು ಗಂಟೆ ಅಂತ ಪಾಳಿ ಮೇಲೆ ಅಲ್ವಾ, ಫೀಡರ್ ಆನ್ ಆದ ತಕ್ಷಣ ಬ್ಯಾಟರಿ ಇಲ್ಲದ ಡಬ್ಬಗಳೆಲ್ಲ ಒಟ್ಟಿಗೆ ಎದ್ದು, ಒಟ್ಟಿಗೆ ಟವರ್ ಹಿಡಿದು, ಒಟ್ಟಿಗೆ ನಿಮ್ಮ ಸರ್ವರ್ ಬಾಗ್ಲು ತಟ್ತವೆ. ಹತ್ತು ಸೆಕೆಂಡಲ್ಲಿ 6,000 ಡಬ್ಬ ಬಂತು ಅಂದ್ಕೊಳಿ, ಟಿಎಲ್‌ಎಸ್ ಹ್ಯಾಂಡ್‌ಶೇಕಿಗೆ (ಗುಪ್ತ ಕನೆಕ್ಷನ್ ಶುರು ಮಾಡೋ ಮಾತುಕತೆ) ಒಂದೊಂದಕ್ಕೂ 2 ಮಿಲಿಸೆಕೆಂಡ್ ಸಿಪಿಯು, 12 ಸೆಕೆಂಡಿನ ಸಿಪಿಯು ಕೆಲಸ ಒಂದೇ ಸಲ ತಲೆ ಮೇಲೆ ಬಿತ್ತು. ಕಾಯೋ ಸರ್ವರ್ರು ಅಂತ ಎಂ:ಎನ್ ಆರಿಸಿದ್ರಿ, ಈ ಹತ್ತು ಸೆಕೆಂಡಲ್ಲಿ ಅದು ಫೋಟೋ ಪ್ರೋಗ್ರಾಮಿನ ಥರ ಆಗ್ಬಿಡ್ತು. ಗೋರುಟೀನ್ ಅಗ್ಗ ಅಂತ ಆರು ಸಾವಿರಾನೂ ಒಟ್ಟಿಗೆ ಬಿಟ್ರೆ ಎಲ್ಲವೂ ಚೂರು ಚೂರು ಮುಂದಕ್ಕೆ ಹೋಗ್ತವೆ, ಯಾವ್ದೂ ಬೇಗ ಮುಗಿಯಲ್ಲ, ಡಬ್ಬದ ಕಡೆ ಟೈಮೌಟ್ ಆಗಿ ಎಲ್ಲಾ ಒಟ್ಟಿಗೆ ಮತ್ತೆ ಬರ್ತವೆ, ಅರ್ಧ ಮಾಡಿದ ಕೆಲಸ ಎಲ್ಲಾ ದಂಡ. 1:1ರಲ್ಲಿ ಪೂಲ್ ಇಟ್ಟಿದ್ದೋರಿಗೆ ಈ ತೊಂದರೆ ಕಮ್ಮಿ, ಪೂಲ್ ತಾನಾಗೇ ಸರದಿ ನಿಲ್ಸುತ್ತೆ.

ಅದಕ್ಕೇ ಎಂ:ಎನ್ ಹಾಕಿದ್ರೆ ಹ್ಯಾಂಡ್‌ಶೇಕಿಗೆ ಅಂತ ಬೇರೆ ಸೆಮಾಫೋರ್ ಇಡಿ, ಕೋರಿನ ಎರಡರಷ್ಟೋ ನಾಲ್ಕರಷ್ಟೋ ಒಂದು ಟೈಮಿಗೆ, ಉಳಿದವು ಕಾಯ್ಲಿ. ಡಬ್ಬದ ಫರ್ಮ್‌ವೇರ್ ನಿಮ್ಮ ಕೈಲಿದ್ರೆ ಪವರ್ ಬಂದ್ಮೇಲೆ 0ಯಿಂದ 60 ಸೆಕೆಂಡ್ ಒಳಗೆ ಯಾವ್ದಾದ್ರೂ ಒಂದು ರ‍್ಯಾಂಡಮ್ ಹೊತ್ತು ಸುಮ್ಮನಿದ್ದು ಆಮೇಲೆ ಕನೆಕ್ಟ್ ಆಗೋ ಹಂಗೆ ಬರೀರಿ, ಫೇಲಾದ್ರೆ ಪ್ರತಿ ಸಲ ಗ್ಯಾಪ್ ಡಬಲ್ ಮಾಡ್ಕೊಂಡು ಹೋಗ್ಲಿ. ನನ್ನ ಕೇಳಿದ್ರೆ ಈ ಒಂದು ಬದಲಾವಣೆಯಿಂದ ಸಿಗೋ ಲಾಭ ಮಾಡೆಲ್ ಬದಲಾಯಿಸೋದ್ರಿಂದ ಸಿಗೋದಕ್ಕಿಂತ ದೊಡ್ದು. ಕರ್ನಲ್ ಕಡೆ ಎರಡು ನೋಡಿ: ಸೋಮ್ಯಾಕ್ಸ್‌ಕಾನ್, ಅಂದ್ರೆ ಅಕ್ಸೆಪ್ಟ್ ಆಗೋಕೆ ಕಾಯೋ ಸಾಲಿನ ಉದ್ದ, 5.4 ಕರ್ನಲ್ಲಿಗಿಂತ ಹಿಂದೆ 128 ಇದ್ದಿದ್ದು ಈಗ 4,096, ಲಿಸನ್ ಕಾಲಲ್ಲಿ ನೀವು ಕೊಟ್ಟಿರೋ ನಂಬರ್ ಅದಕ್ಕಿಂತ ಚಿಕ್ಕದಿದ್ರೆ ಚಿಕ್ಕದೇ ನಡಿಯೋದು. ಇನ್ನೊಂದು ಫೈಲ್ ಡಿಸ್ಕ್ರಿಪ್ಟರ್ ಮಿತಿ, ಅಂದ್ರೆ ಒಂದು ಪ್ರೊಸೆಸ್ಸು ಎಷ್ಟು ಫೈಲು, ಕನೆಕ್ಷನ್ನು ತೆರೆದಿಡ್ಬೋದು ಅನ್ನೋದು, ಸಾಮಾನ್ಯವಾಗಿ ಸಾಫ್ಟ್ ಲಿಮಿಟ್ 1,024, 20,000 ಕನೆಕ್ಷನ್ ಬೇಕು ಅಂದ್ರೆ ಸಿಸ್ಟಂಡಿ ಫೈಲಲ್ಲಿ ಲಿಮಿಟ್‌ನೋಫೈಲ್ ಏರಿಸ್ಲೇಬೇಕು.

ಟೆಸ್ಟ್ ಮಾಡೋಕೆ ನಿಜವಾದ ಡಬ್ಬ ಬೇಕಿಲ್ಲ, ಇನ್ನೊಂದು ಲ್ಯಾಪ್‌ಟಾಪಿಂದ ಸ್ಕ್ರಿಪ್ಟ್ ಬರೆದು 6,000 ಕನೆಕ್ಷನ್ ಒಟ್ಟಿಗೆ ಬಿಡಿ, ಸರ್ವರಲ್ಲಿ ಟಾಪ್ ತೆಗೆದು ದೊಡ್ಡ ಎಚ್ ಒತ್ತಿ ಥ್ರೆಡ್ ಥ್ರೆಡ್ಡೇ ನೋಡ್ತಾ ಕೂರಿ, ಸರಾಸರಿ ಟೈಮ್ ಬಿಟ್ಟು ಕೊನೇ ಶೇಕಡಾ 1ರಷ್ಟು ಡಬ್ಬಗಳಿಗೆ ಎಷ್ಟು ಹೊತ್ತು ಹಿಡೀತು ಅಂತ ಬರ್ಕೊಳಿ. ಲ್ಯಾಪ್‌ಟಾಪಲ್ಲೂ ಫೈಲ್ ಮಿತಿ ಏರಿಸೋದು ಮರೀಬೇಡಿ. ಒಂದು ಐಪಿಯಿಂದ ಒಂದೇ ಸರ್ವರ್ ಪೋರ್ಟಿಗೆ ಲಿನಕ್ಸ್ ಡೀಫಾಲ್ಟಲ್ಲಿ ಕೊಡೋದು 32,768ರಿಂದ 60,999ರ ತನಕದ ಪೋರ್ಟು, ಅಂದ್ರೆ 28,232, ಹಂಗಾಗಿ 20,000ಕ್ಕೆ ಒಂದು ಲ್ಯಾಪ್‌ಟಾಪ್ ಸಾಕು, 40,000 ಟೆಸ್ಟ್ ಮಾಡ್ಬೇಕು ಅಂದ್ರೆ ಫ್ರೆಂಡ್ದೂ ಒಂದು ಇಸ್ಕೊಳಿ.